ಇಬ್ಬರೇ ಆಡುತ್ತಿದ್ದ ಮಾತು

ಹುಣಸೂರಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಚರಿತ್ರೆ ಮೇಷ್ಟ್ರೊಬ್ಬರಿದ್ದರು. ಸತ್ತ ಭಾಷೆಗಳ ಕಥೆ ಹೇಳುವುದೆಂದರೆ ಅವರಿಗೆ ಪ್ರಾಣ. ಬೋರ್ಡಿನ ಮೇಲೆ ಈಜಿಪ್ಟಿನ ಹಕ್ಕಿ, ಕಣ್ಣು ಬರೆದು, ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೇಳುತ್ತಿದ್ದರು: "ಇದು ನೋಡೋಕೆ ಚೆಂದ, ಅದಕ್ಕೇ ಎಲ್ರೂ ಮುಗಿಬೀಳ್ತಾರೆ. ಸುಮೇರಿಯಾದ್ದು ಮೊಳೆ ಗೀಚಿದಂಗದೆ, ಆದ್ರೆ ಲೋಕಕ್ಕೆ ಬರೆಯೋದು ತೋರಿಸ್ತು. ಲ್ಯಾಟಿನ್ ಸತ್ರೂ ಮಕ್ಕಳುಮರಿ ಬಿಟ್ಟೋಯ್ತು. ಪುಣ್ಯವಂತ ಭಾಷೆಗಳು ಕಣ್ರೋ." ಪ್ರತಿ ಸಲವೂ ಪಾಠ ಮುಗಿಯುತ್ತಿದ್ದುದು ಆ ಕೊನೆಯ ಮಾತಿನಿಂದಲೇ.

ಅವರ ಅಕ್ಕ ಇದ್ದದ್ದು ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಗಿರಿಜನರ ಹಾಡಿಯಲ್ಲಿ. ತಾಯಿಯಿಂದ ಬಂದ ಮನೆಮಾತನ್ನು ಆಡಲು ಉಳಿದಿದ್ದವರು ಅಕ್ಕ, ತಮ್ಮ ಇಬ್ಬರೇ. ಹೋದ ವರ್ಷ ಅಕ್ಕ ತೀರಿಕೊಂಡಾಗ ನಾನೂ ಜೊತೆಗೆ ಹೋದೆ. ಮೇಷ್ಟ್ರು ಹೆಣದ ಕಿವಿಯ ಹತ್ತಿರ ಬಗ್ಗಿ ಆ ಮಾತಿನಲ್ಲಿ ಏನೋ ಕೇಳಿದರು. ಸ್ವಲ್ಪ ಹೊತ್ತು ಕಾದು ಮತ್ತೆ ಕೇಳಿದರು.

"ಏನಂದ್ರಿ ತಾತ?" ಎಂದಳು ಅಕ್ಕನ ಮೊಮ್ಮಗಳು.

"ಉಂಡ್ಯಾ ಅಂದೆ ಕಣವ್ವ."

"ನಂಗೂ ಆ ಮಾತು ಕಲಿಸಿ."

ಮೇಷ್ಟ್ರು ಅವಳ ತಲೆ ಸವರಿದರು.

"ಕಲ್ತು, ನಾನು ಹೋದ್ಮೇಲೆ ಯಾರ ಕೂಟೆ ಆಡೀಯವ್ವ?" ಎಂದರು.