ಬೂದಿಗೆರೆ ಅಕ್ಕನ ಮೇಲೊಂದು ಮೂಗರ್ಜಿ

ಸಾವಿತ್ರಿ, ನಿನ್ನ ಮೇಲೆ ಮೂಗರ್ಜಿ ಬರೆದವನು ನಾನು. ಎರಡು ವರ್ಷಗಳಿಂದ ‘ಯಾರೋ ಆಗದವರು’ ಎಂದು ನೀನು ಶಪಿಸುತ್ತಿರುವ ಆ ಮನುಷ್ಯ ದಿನವೂ ನಿನ್ನ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದಾನೆ.

ತಾಲ್ಲೂಕು ಕಚೇರಿಯಲ್ಲಿ ಮೂವತ್ತಾರು ವರ್ಷ, ನನ್ನ ಮೇಜಿಗೆ ಬಂದ ಹೆಸರಿಲ್ಲದ ದೂರುಗಳನ್ನೆಲ್ಲ ಓದದೆ ಹರಿದು ಹಾಕಿದವನು ನಾನು. ಬರೆದವನಿಗೆ ಸಹಿ ಮಾಡುವ ಧೈರ್ಯವಿಲ್ಲದ ಮೇಲೆ ಓದುವ ಹಂಗು ನನಗೇಕೆ ಎನ್ನುತ್ತಿದ್ದೆ. ಅಂಥವನು — ಹೆಂಡತಿಯ ವಿಷಯದಲ್ಲಿ —

ನಡೆದದ್ದನ್ನು ಕ್ರಮವಾಗಿಯೇ ಹೇಳುತ್ತೇನೆ.

ಬೇಸಿಗೆ ರಜೆಗೆ ಬಂದಿದ್ದ ನಿನ್ನ ತಂಗಿಯ ಮಗಳು ಆ ಯುದ್ಧದ ಆಟವನ್ನು ನಿನ್ನ ಫೋನಿಗೆ ಹಾಕಿಕೊಟ್ಟಳು. ನಾಲ್ವರು ಒಂದು ತಂಡ. ದ್ವೀಪವೊಂದಕ್ಕೆ ಪ್ಯಾರಾಚೂಟಿನಲ್ಲಿ ಇಳಿದು, ಉಳಿದ ತಂಡಗಳನ್ನು ಹೊಡೆದುರುಳಿಸಿ ಕೊನೆಯವರೆಗೂ ಉಳಿಯಬೇಕು. ವಾರದಲ್ಲಿ ಮರೆಯುತ್ತೀಯೆ ಎಂದು ಭಾವಿಸಿದ್ದೆ. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ಗೀತಾ, ಹೊಸಕೋಟೆಯ ಟೈಲರ್ ಇಮ್ರಾನ್, ತ್ಯಾಮಗೊಂಡ್ಲುವಿನಲ್ಲಿ ಸೇವಂತಿಗೆ ಬೆಳೆಯುವ ಮಂಜ — ಮುಖ ಕಾಣದ ಈ ಮೂವರು ನಿನಗೆ ದಿನವೂ ಮಧ್ಯಾಹ್ನ ಮೂರು ಗಂಟೆಗೆ ಬೇಕೇಬೇಕಾದರು. ಅವರಿಗೆ ನೀನು ‘ಬೂದಿಗೆರೆ ಅಕ್ಕ’. ಶತ್ರುವಿನ ಹೆಜ್ಜೆಯ ಸದ್ದು ಕೇಳಿಯೇ ಯಾವ ದಿಕ್ಕೆಂದು ಹೇಳಬಲ್ಲವಳು.

“ಅಕ್ಕಾ, ಬಿದ್ದೋದೆ! ಬಂದು ಎತ್ತಕ್ಕಾ!” ಎಂದು ಮಂಜ ಫೋನಿನಲ್ಲಿ ಕಿರುಚುತ್ತಿದ್ದ.

“ಅಲ್ಲೇ ಮುದುರ್ಕೊಂಡಿರೋ, ಬಂದೆ. ನಾನಿರೋವಾಗ ನಿನ್ನ ಯಾವನ್ಲಾ ಸಾಯ್ಸೋನು?”

ಹಾಗೆಂದು ನೀನು ನಗುತ್ತಿದ್ದೆ. ಮದುವೆಯಾಗಿ ನಲವತ್ತು ವರ್ಷಗಳಲ್ಲಿ ಆ ನಗುವನ್ನು ನಾನು ಕೇಳಿರಲಿಲ್ಲ — ಅದು ನಿನ್ನಲ್ಲಿತ್ತೆಂಬುದೇ ನನಗೆ ತಿಳಿದಿರಲಿಲ್ಲ. ಸದ್ದು ಸಹಿಸಲಾಗುವುದಿಲ್ಲವೆಂದು ಹೇಳಿ ಪೇಟೆಯಿಂದ ಹೆಡ್‌ಫೋನ್ ತಂದುಕೊಟ್ಟೆ. ಸಹಿಸಲಾಗದೆ ಹೋದದ್ದು ಸದ್ದನ್ನಲ್ಲ.

ಆಟದ ಗುಂಗಿನಲ್ಲಿ ನೀನು ಮಾಡಿಟ್ಟ ಉಪ್ಪಿಲ್ಲದ ಉಪ್ಪಿಟ್ಟನ್ನು ನಾನು ಮರೆತಿಲ್ಲ. ನಿನ್ನ ಅಣ್ಣನ ಮಗನ ನಿಶ್ಚಿತಾರ್ಥದ ದಿನ ನೀನು ಛತ್ರದ ಹಿಂಬದಿಗೆ ಹೋಗಿ ಫೋನ್ ಹಿಡಿದು ಕುಳಿತಾಗ, ನಿನ್ನ ತಂಗಿ ಎಲ್ಲರೆದುರು, “ಏನ್ ಭಾವ, ಅಕ್ಕ ಇನ್ನೂ ಯುದ್ಧದಿಂದ ವಾಪಸ್ ಬಂದಿಲ್ವಾ?” ಎಂದದ್ದನ್ನೂ, ಯಾರು ಯಾರು ನಕ್ಕರೆಂಬುದನ್ನೂ ಮರೆತಿಲ್ಲ. ಹಿತ್ತಿಲಿನಲ್ಲಿ ಜಾರಿಬಿದ್ದ ದಿನವನ್ನಂತೂ — ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಕಾಲು ತಿರುಚಿಕೊಂಡು, ನಿನ್ನ ಹೆಸರು ಹಿಡಿದು ಏಳು ಸಲ ಕೂಗಿದೆ. ಕಿಟಕಿಯೊಳಗಿಂದ ನೀನು ಮಂಜನಿಗೆ “ಬಂದೆ ಕಣೋ, ಹೆದರ್ಬೇಡ” ಎನ್ನುವುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಕೂಗು ನಿನಗೆ ಕೇಳಲಿಲ್ಲ. ಆಮೇಲೆ ನೀನು ಅತ್ತೆ, ಬಿಸಿನೀರಿನ ಶಾಖ ಕೊಟ್ಟೆ, ನಾಲ್ಕು ದಿನ ಫೋನ್ ಮುಟ್ಟಲಿಲ್ಲ. ಐದನೆಯ ದಿನ ಮೂರು ಗಂಟೆಗೆ ಮತ್ತೆ ಕುಳಿತೆ.

ಅಂದೇ ನಿಶ್ಚಯಿಸಿದೆ.

ನನ್ನ ಫೋನಿಗೂ ಆಟವನ್ನು ಇಳಿಸಿ, ಸುಳ್ಳು ಹೆಸರಿನಲ್ಲಿ ಖಾತೆ ತೆರೆದೆ. ಆ ವಾರ ನಿಮ್ಮ ತಂಡ ಪಂದ್ಯವೊಂದರ ಕೊನೆಯ ಸುತ್ತಿನಲ್ಲಿ ಸೋತಿತ್ತು. ನೀವೆಲ್ಲ ಕೆಂಪು ಹೆಂಚಿನ ಮನೆಯ ಮೆಟ್ಟಿಲ ಕೆಳಗೆ ಅಡಗಿದ್ದಿರಿ. ಅದನ್ನು ನಿನ್ನ ಬಾಯಿಂದಲೇ ಕೇಳಿಸಿಕೊಂಡಿದ್ದೆ. ‘ನಿಮ್ಮ ಅಡಗುತಾಣವನ್ನು ಬೂದಿಗೆರೆ ಅಕ್ಕನೇ ಎದುರು ತಂಡಕ್ಕೆ ತಿಳಿಸಿದ್ದು’ ಎಂದು ಆ ಮೂವರಿಗೂ ಬರೆದೆ. ಮೆಟ್ಟಿಲನ್ನೂ ಹೆಂಚಿನ ಬಣ್ಣವನ್ನೂ ಸೇರಿಸಿದೆ — ವಿವರವಿದ್ದರೆ ಸುಳ್ಳನ್ನು ಯಾರೂ ಸಂಶಯಿಸುವುದಿಲ್ಲವೆಂದು, ಸಹಿಯಿದ್ದ ಅರ್ಜಿಗಳನ್ನು ಓದಿ ಓದಿ ಪಳಗಿದ ನನಗಿಂತ ಚೆನ್ನಾಗಿ ಬಲ್ಲವರಾರು?

ಮರುದಿನ ನೀನು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಗೀತಾ ತಂಡ ಬಿಟ್ಟು ಹೊರಟುಹೋದಳಂತೆ, ಇಮ್ರಾನನೂ. ಮಂಜ ಮಾತ್ರ ಯಾರೋ ಬರೆದ ಸಂದೇಶವನ್ನು ಓದಿ ಹೇಳಿ, “ನೀವು ಹಿಂಗ್ ಮಾಡ್ತೀರ ಅಂತ ಅನ್ಕೊಂಡಿರ್ಲಿಲ್ಲ ಅಕ್ಕ” ಎಂದನಂತೆ. ನೀನು ನನ್ನ ಕಡೆ ತಿರುಗಿದೆ.

“ರೀ, ನನ್ನ ನೋಡಿದ್ರೆ ಮೋಸ ಮಾಡೋಳ ಥರ ಕಾಣ್ತೀನಾ?”

“ಹೋಗ್ಲಿ ಬಿಡೇ. ಆಟ ತಾನೇ” ಎಂದೆ.

ಮೂಗರ್ಜಿಗಿಂತ ದೊಡ್ಡ ತಪ್ಪು ಈ ಮಾತು. ಅಂದಿನಿಂದ ನನ್ನ ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತದೆ, ಉಪ್ಪಿಟ್ಟಿಗೆ ಉಪ್ಪಿರುತ್ತದೆ. ಮೂರು ಗಂಟೆಗೆ ನೀನು ನನ್ನ ಬಳಿಯೇ ಕುಳಿತಿರುತ್ತೀಯೆ. ಆ ನಗು ಮಾತ್ರ ಇಲ್ಲ. ನಾನು ಗೆದ್ದುಕೊಂಡದ್ದು ಇಷ್ಟೆ.

ಕಳೆದ ಭಾನುವಾರ ಸಂಬಂಧಿಕರ ಮನೆಗೆಂದು ಹೇಳಿ ಹೋದದ್ದು ತ್ಯಾಮಗೊಂಡ್ಲುವಿಗೆ. ಮಂಜನ ತೋಟವನ್ನು ಹುಡುಕಿ, ಎಲ್ಲವನ್ನೂ ಹೇಳಿದೆ. ಹೂವು ಬಿಡಿಸುತ್ತಲೇ ಕೇಳಿಸಿಕೊಂಡ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ.

“ನನ್ಗ್ಯಾಕೆ ಹೇಳ್ತಿದೀರ ಯಜಮಾನ್ರೆ? ಅಕ್ಕಂಗೆ ಹೇಳಿದ್ರಾ?”

ಇಲ್ಲವೆಂದೆ. ಅವನು ಬುಟ್ಟಿ ಎತ್ತಿಕೊಂಡು ಮುಂದಿನ ಸಾಲಿಗೆ ಹೋದ.

ಆದ್ದರಿಂದ ಇದನ್ನು ಬರೆದು ನಿನ್ನ ಕೈಗೆ ಕೊಡುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೂ ಇಲ್ಲೇ ನಿಂತಿರುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ. ಗೀತಾಳಿಗೂ ಇಮ್ರಾನನಿಗೂ ನಾನೇ ತಿಳಿಸುತ್ತೇನೆ. ಅವರು ಮತ್ತೆ ಕರೆದರೆ ನೀನು ಹೋಗು. ಇನ್ನೊಂದನ್ನು ಮುಚ್ಚಿಟ್ಟರೆ ಇದೂ ಅರ್ಧ ಸುಳ್ಳಾದೀತು — ನೀನು ಅವರೊಡನೆ ಮತ್ತೆ ನಗುವುದನ್ನು ನೆನೆದರೆ, ಸಾವಿತ್ರಿ, ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.