ಸ್ಟೆಲ್ಲಕ್ಕನ ಮೂವತ್ತೊಂದು ಪೆಂಡಿಂಗ್ ಪ್ರಾರ್ಥನೆಗಳು

"ಮೂವತ್ತೊಂದು ಪ್ರಾರ್ಥನೆ ಪೆಂಡಿಂಗ್ ಅಂತ ತೋರುಸ್ತಾ ಅದೆ. ಏನ್ ಮಾಡ್ಬುಟ್ಟಿದ್ದೀಯಮ್ಮಿ ನನ್ ಫೋನಿಗೆ?"

ಆ ಕಡೆ ಗುಂಡ್ಲುಪೇಟೆಯ ಸ್ಟೆಲ್ಲಕ್ಕ. ಈ ಕಡೆ ನಾನು, ಚಾಮರಾಜನಗರದ ನಮ್ಮ ಮನೆಯಲ್ಲಿ, ಯಾರದೋ ಮದುವೆ ಕಾರ್ಡಿನ ಮೂಲೆಗೆ ಮಲ್ಲಿಗೆ ಬಳ್ಳಿ ಕೂರಿಸುತ್ತಿದ್ದೆ.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹೆಮ್ಮೆಯೇ ಆಯಿತು. ಅವರ ಫೋನಿನ ಪ್ಲಾನರಿಗೆ ನಾನು ಬರೆದ ಲೆಕ್ಕದ ಫಾರ್ಮುಲಾ ಸರಿಯಾಗಿ ಕೆಲಸ ಮಾಡುತ್ತಿದೆಯಲ್ಲ ಎಂದುಕೊಂಡೆ.

ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಅಂಗಡಿ ಬೋರ್ಡು... ಮನೆಯಿಂದಲೇ ಡಿಸೈನ್ ಮಾಡುವುದು ನನ್ನ ಕೆಲಸ. ಸ್ಟೆಲ್ಲಕ್ಕ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವರ ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದ ಸಮಾರಂಭದ ಕಾರ್ಡು ಮಾಡಿಕೊಟ್ಟಾಗಿನಿಂದ ಪರಿಚಯ.

ಈ ಸಲ ಅವರು ಕೇಳಿದ್ದು ಡಿಜಿಟಲ್ ಪ್ಲಾನರ್. ಮೊಬೈಲಿನಲ್ಲೇ ತೆರೆಯಬೇಕು. ಪ್ರಾರ್ಥನೆ, ಬೈಬಲ್ ಓದು, ಡ್ಯೂಟಿ, ಅಡುಗೆ, ಮಕ್ಕಳ ಪರೀಕ್ಷೆ ಎಲ್ಲ ಒಂದೇ ಕಡೆ ಇರಬೇಕು.

ಮೊದಲು ಅವರೇ ಬಳಸಿ ನೋಡಿ, ಆಮೇಲೆ ಚರ್ಚಿನ ಮಹಿಳಾ ಸಂಘಕ್ಕೆಲ್ಲ ಹಂಚುವುದು ಎಂದು ಮಾತಾಗಿತ್ತು. ಈಸ್ಟರ್‌ಗೆ ಮುಂಚಿನ ಅವರ ತಪಸ್ಸುಕಾಲ ಶುರುವಾಗುವ ಬುಧವಾರವೇ ಗಡುವು.

ಸಂಘದಲ್ಲಿ ಒಬ್ಬರು ಟೀಚರ್, ಒಬ್ಬರಿಗೆ ಚೆಂಡುಹೂವಿನ ಹೊಲ, ಇನ್ನೊಬ್ಬರದು ಟೈಲರಿಂಗ್. ಅದಕ್ಕೇ ಯಾವ ಪುಟ ಬೇಕೋ ಇಟ್ಟುಕೊಂಡು, ಬೇಡದ್ದನ್ನು ತೆಗೆದುಹಾಕುವ ಹಾಗೆ ಮಾಡಿದೆ. ಯಾವ ಬಣ್ಣ, ಎಂಥ ಅಕ್ಷರ, ಶಿಲುಬೆ ಎಲ್ಲಿ ಬರಬೇಕು ಎಂದು ಕೇಳಿ ಕೇಳಿ ಸ್ಟೆಲ್ಲಕ್ಕನ ತಲೆ ತಿಂದಿದ್ದೆ.

ಒಂದನ್ನು ಮಾತ್ರ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ದಿನಕ್ಕೆ ನಾಲ್ಕು ಪ್ರಾರ್ಥನೆಯ ಚೌಕ ಇಟ್ಟಿದ್ದೆ. ಟಿಕ್ ಆಗದ ಚೌಕ ಕೆಂಪಾಗಿ ಮರುದಿನದ ಬಾಕಿಗೆ ಸೇರುತ್ತದೆ. ಇದನ್ನು ಅವರು ಹೇಳಿರಲಿಲ್ಲ, ಬೋನಸ್ ಇರಲಿ ಎಂದು ನಾನೇ ಹಾಕಿದ್ದು. ಒಂಬತ್ತು ದಿನಕ್ಕೆ ಮೂವತ್ತೊಂದು ಸೇರಿಕೊಂಡಿತ್ತು.

ಪುರುಸೊತ್ತಾದಾಗ ತೀರಿಸಿಬಿಡಿ ಅಕ್ಕ, ನಂಬರ್ ಇಳಿಯುತ್ತೆ ಅಂದೆ, ದೊಡ್ಡ ಜಾಣೆಯ ಹಾಗೆ.



"ಮೊದ್ಲು ಡ್ರಿಪ್ ಹಾಕ್ತಾ ಹಾಕ್ತಾನೆ ಪ್ರಾರ್ಥನೆ ಮಾಡ್ಕತಿದ್ದೆ ಕಣಮ್ಮಿ. ಈಗ ಆ ಕೆಂಪು ನೋಡುದ್ರೆ ಬಾಯೇ ಬರಲ್ಲ. ಮೂರ್ ದಿನ ಆಯ್ತು, ಒಂದೂ ಮಾಡಿಲ್ಲ."

ಪ್ರಾರ್ಥನೆಗೆ ಅನುಕೂಲವಾಗಲಿ ಎಂದು ಬಂದವರ ಪ್ರಾರ್ಥನೆಯನ್ನೇ ನಿಲ್ಲಿಸಿಬಿಟ್ಟಿದ್ದೆ. ಇನ್ನು ಐದು ದಿನ ಕಳೆದರೆ ಇದೇ ಪ್ಲಾನರ್ ಇಡೀ ಸಂಘದ ಫೋನಿಗೆ ಹೋಗುತ್ತದೆ.

ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ... "ಮತ್ತೆ ತಪ್ಪಿದ್ದನ್ನ ನೀವು ಯಾವಾಗ ಮಾಡ್ತೀರಿ?" ಎಂದು ಕೇಳಿದೆ.

"ತಪ್ಪಿದ್ದು ಅಂದ್ರೆ?" ಅಂದರು ಸ್ಟೆಲ್ಲಕ್ಕ.

ಆಗ ಬುದ್ಧಿಗೆ ಹೊಳೆಯಿತು.

ನಮ್ಮಲ್ಲಿ ಹೊತ್ತು ಮೀರಿದ ನಮಾಜನ್ನು ಆಮೇಲೆ ಮಾಡಿ ತೀರಿಸಬೇಕು. ಅದಕ್ಕೆ ಖಜಾ ಅನ್ನುತ್ತೇವೆ. ಖಜಾ ಮಾಡಿದೆಯಾ ಎಂದು ಅಮ್ಮಿ, ಅಂದರೆ ನಮ್ಮಮ್ಮ, ಕೇಳುವುದನ್ನು ಕೇಳುತ್ತಲೇ ಬೆಳೆದವಳು ನಾನು. ಎಲ್ಲರ ಮನೆಯಲ್ಲೂ ಹೀಗೆಯೇ ಎಂದುಕೊಂಡು ಫಾರ್ಮುಲಾ ಬರೆದುಬಿಟ್ಟಿದ್ದೆ.

ವಿಷಯ ಹೇಳಿದ ಮೇಲೆ ಸ್ಟೆಲ್ಲಕ್ಕ ನಕ್ಕಿದ್ದು ನಕ್ಕಿದ್ದೇ. "ಭಾನ್ವಾರದ ಚರ್ಚಿನ್ ಪೂಜೆ ತಪ್ಸುದ್ರೆ ಬೇರೆ ಮಾತು. ಮಿಕ್ಕಿದ್ದೆಲ್ಲ ನೆಪ್ಪಾದಾಗ ದೇವ್ರ ಜೊತೆ ಮಾತಾಡದು ಅಷ್ಟೇಯ. ಒಂದ್ ದಿನ ಬಂದು ನೋಡು ಬಾ."

ಮರುದಿನ ಬೆಳಿಗ್ಗೆಯೇ ಗುಂಡ್ಲುಪೇಟೆ ಬಸ್ ಹತ್ತಿದೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ಅವರನ್ನೇ ನೋಡುತ್ತಿದ್ದೆ.

ಬಾಗಿಲು ತಳ್ಳುವ ಮುಂಚೆ ಒಂದು ಕ್ಷಣ ನಿಲ್ಲುತ್ತಾರೆ, ತುಟಿ ಅಲ್ಲಾಡುತ್ತದೆ. ಬಿಪಿ ನೋಡುವಾಗ ಮತ್ತೆ. ಹಾಸಿಗೆಯ ಚಾದರ ಎಳೆದು ಸರಿಮಾಡುವಾಗ ಇನ್ನೊಮ್ಮೆ. ಎಣಿಸೋಣ ಎಂದು ಶುರುಮಾಡಿದವಳು ಊಟದ ಹೊತ್ತಿಗೆ ಎಣಿಕೆ ತಪ್ಪಿ ಕೈಬಿಟ್ಟೆ. ಮೂರು ದಿನ ನಿಂತಿದ್ದ ಪ್ರಾರ್ಥನೆ ಮತ್ತೆ ಶುರುವಾಗಿತ್ತು, ನನಗೆ ಜೀವ ಬಂದ ಹಾಗಾಯಿತು.

ಊಟದ ಡಬ್ಬಿ ಬಿಚ್ಚುತ್ತಾ ಇದೆಲ್ಲ ಯಾರಿಗಾಗಿ ಅಕ್ಕ ಎಂದು ಕೇಳಿದರೆ, ಅವರು ಹೇಳಿದ್ದು ಬರೀ ಹೆಸರುಗಳು. ರೋಗಿಗಳದು, ಮಗಳದು, ಪಕ್ಕದ ಮನೆಯವರದು.

ಮನೆಗೆ ಬಂದು ಫಾರ್ಮುಲಾ ಅಳಿಸಿದೆ. ಎರಡು ದಿನ ಕೂತು ಬರೆದದ್ದು, ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಚೌಕಗಳ ಜಾಗದಲ್ಲಿ ಒಂದೇ ಒಂದು ಖಾಲಿ ಸಾಲು ಇಟ್ಟೆ. "ಇವತ್ತು ಯಾರ ಹೆಸರು?" ಅಷ್ಟೇ. ಟೈಮ್ ಇಲ್ಲ, ಟಿಕ್ ಇಲ್ಲ, ಕೆಂಪೂ ಇಲ್ಲ.

ಮಂಗಳವಾರ ಎಲ್ಲರಿಗೂ ಕಳುಹಿಸಿದ್ದಾಯಿತು. ಸಂಜೆಗೆ ಚೆಂಡುಹೂವಿನ ಹೊಲದ ಮೇರಮ್ಮನ ವಾಯ್ಸ್ ಮೆಸೇಜ್. "ಸ್ಟೆಲ್ಲ ಹೇಳುದ್ಲು, ಮೊದ್ಲು ಕೆಂಪು ಬತ್ತಿತ್ತಂತಲ್ಲ? ನಂಗೆ ಅದ್ನೇ ಹಾಕ್ಕೊಡವ್ವ. ಬೈಯೋರಿಲ್ದಿದ್ರೆ ನಾನು ಏನೂ ಮಾಡಕಿಲ್ಲ."

ಅವರೊಬ್ಬರಿಗೆ ಹಳೆಯ ಫಾರ್ಮುಲಾ ವಾಪಸ್ ಹಾಕಿಕೊಟ್ಟೆ. ಬೇಕಾದವರಿಗೆ ಬೇಕಾದ ಹಾಗೆ ಅಂದಮೇಲೆ ಅದೂ ಸೇರಿತಲ್ಲ!

ಬುಧವಾರ ಮಧ್ಯಾಹ್ನ ಸ್ಟೆಲ್ಲಕ್ಕ ಒಂದು ಸ್ಕ್ರೀನ್‌ಶಾಟ್ ಕಳುಹಿಸಿದರು. ಖಾಲಿ ಸಾಲಿನಲ್ಲಿ ಹೀಗಿತ್ತು: ನಾಲ್ಕನೇ ಬೆಡ್ಡಿನ ಅಜ್ಜಿ. ಮಗಳ ಪರೀಕ್ಷೆ. ನಾಜಿಯಾಳ ಅಮ್ಮನ ಮಂಡಿ.

ನಾಜಿಯಾ ಅಂದರೆ ನಾನೇ. ಅಮ್ಮಿಗೆ ಮಂಡಿನೋವು ಎಂದು ಆಸ್ಪತ್ರೆಗೆ ಹೋಗಿದ್ದ ದಿನ ಅವರು ನನ್ನನ್ನು ಬಸ್ ಹತ್ತಿಸಲು ಬಂದಾಗ, ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಒಂದು ಸಲ ಹೇಳಿದ್ದೆ... ಕಣ್ಣು ತುಂಬಿ ಬಂತು. ಅಮ್ಮಿಗೆ ತೋರಿಸಿದೆ. ಅವರು ಮಂಡಿ ಸವರಿಕೊಂಡು, ಆ ಹುಡುಗಿಯನ್ನು ರಂಜಾನಿಗೆ ಊಟಕ್ಕೆ ಕರೆ ಅಂದರು. ಸ್ಟೆಲ್ಲಕ್ಕನಿಗೆ ನಲವತ್ತೈದು ವಯಸ್ಸು.

ಈಗ ನನ್ನ ಫೋನಿನಲ್ಲೂ ಒಂದು ಕಾಪಿ ಇದೆ. ಖಜಾ ಚೌಕ ಉಳಿಸಿಕೊಂಡಿದ್ದೇನೆ, ಕೆಂಪಿನ ಸಮೇತ. ನನ್ನ ಸೋಮಾರಿತನ ನನಗೆ ಗೊತ್ತಿಲ್ಲವೇ? ಆದರೆ ಅದರ ಕೆಳಗೆ ಆ ಖಾಲಿ ಸಾಲನ್ನೂ ಇಟ್ಟಿದ್ದೇನೆ. ಮೊದಲು ಬರೆದದ್ದು ಸ್ಟೆಲ್ಲಕ್ಕನ ಹೆಸರು.

ನಿಮ್ಮ ಸಾಲಿನಲ್ಲಿ ಇವತ್ತು ಯಾರ ಹೆಸರು?