ಬೆಕ್ಕಿಗೆ ಎರೆದ ಫಿನಾಯಿಲ್ ನೀರು

ಅರವತ್ತರ ದಶಕದಲ್ಲಿ ಕೋಣಂದೂರಿನ ದನದ ಆಸ್ಪತ್ರೆಗೆ ನನ್ನನ್ನು ಕಾಂಪೌಂಡರ್ ಆಗಿ ಹಾಕಿದಾಗ ಆ ಊರಲ್ಲಿ ನನ್ನವರೆಂಬವರು ಯಾರೂ ಇರಲಿಲ್ಲ. ಡಾಕ್ಟರು ಇರುವುದು ತೀರ್ಥಹಳ್ಳಿಯಲ್ಲಿ. ಔಷಧಿ ತರಲು ತಿಂಗಳಿಗೊಮ್ಮೆ ನಾನೇ ಅಲ್ಲಿಗೆ ಹೋಗಬೇಕು. ಸಂಜೆಯ ಮಾತುಕತೆಗೆ ನನಗಿದ್ದವರು ಇಬ್ಬರೇ: ಎಲ್ಲಿಂದಲೋ ಬಂದು ಸೇರಿಕೊಂಡ ಒಂದು ಬೂದು ಬೆಕ್ಕು, ಬೇಲಿಯಾಚೆಯಿಂದ ದಿನಾ ಮಜ್ಜಿಗೆ ಕೊಡುತ್ತಿದ್ದ ಪಕ್ಕದ ಮನೆಯ ಒಂಟಿ ಹೆಂಗಸು. ಬೆಕ್ಕಿನ ಜೊತೆಗೇ ಮಾತು ಹೆಚ್ಚು.

ಆಗ ಸಾಗರದ ಕಡೆಯಿಂದ ಮಂಗನ ಕಾಯಿಲೆಯ ಸುದ್ದಿ ಬರುತ್ತಿತ್ತು. ಅದನ್ನು ಹರಡುವ ಉಣುಗು, ಅಂದರೆ ರಕ್ತ ಹೀರುವ ಉಣ್ಣೆಹುಳ, ಕಚ್ಚೀತೆಂದು ಜನ ಸೊಪ್ಪಿಗೆ ಕಾಡಿಗೆ ಹೋಗಲೂ ಹೆದರುತ್ತಿದ್ದರು. ನಾನು ದನಗಳ ಮೈಗೆ ಫಿನಾಯಿಲ್ ನೀರು ಹಚ್ಚಿಸುತ್ತಿದ್ದೆ. ಒಂದಕ್ಕೂ ಏನೂ ಆಗಿರಲಿಲ್ಲ. ಒಂದು ದಿನ ಬೆಕ್ಕಿನ ಕಿವಿಯ ಹಿಂದೆ ಎರಡು ಉಣುಗು ಕಂಡವು. ಮಹಾ ಬುದ್ಧಿವಂತ ನಾನು, ಅದೇ ನೀರನ್ನು ಇನ್ನಷ್ಟು ತೆಳ್ಳಗೆ ಮಾಡಿ ಹಿತ್ತಲಲ್ಲಿ ಅದಕ್ಕೆ ಸ್ನಾನ ಮಾಡಿಸಿದೆ. ಅದು ಬಿಸಿಲಲ್ಲಿ ಕೂತು ಮೈಯೆಲ್ಲ ನೆಕ್ಕಿಕೊಂಡಿತು. ಸಂಜೆಗೆ ಜೊಲ್ಲು, ನಡುಕ. ಮರುದಿನ ಬೆಳಿಗ್ಗೆ ನನ್ನ ಮಡಿಲಲ್ಲೇ ಸತ್ತಿತು.

ನಾಚಿಕೆ ಬಿಟ್ಟು ಅತ್ತೆ. ಆಮೇಲೆ ಸಿಟ್ಟು ನೆತ್ತಿಗೇರಿತು. ಪಕ್ಕದ ಮನೆಯಾಕೆ ಹಿಂದಿನ ವಾರವಷ್ಟೇ ಇಲಿ ಪಾಷಾಣ ಇಟ್ಟಿದ್ದರು. ಅವರೇ ಕೊಂದರೆಂದು ಬೇಲಿಯ ಹತ್ತಿರ ನಿಂತು ಬಾಯಿಗೆ ಬಂದಂತೆ ಬೈದೆ. ಅವರು ಕೇಳಿಸಿಕೊಂಡು ಒಳಗೆ ಹೋದರು. ಮರುದಿನವೂ ಮಜ್ಜಿಗೆ ತಂದರು. ನಾನು ಬಾಗಿಲು ತೆಗೆಯಲಿಲ್ಲ. ಅಲ್ಲಿಂದ ಮುಂದೆ ಸಂಜೆ ಕಳೆಯುವುದು ಹೇಗೆಂದು ತಿಳಿಯದೆ ಆಸ್ಪತ್ರೆಯ ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಅಷ್ಟು ಒಂಟಿತನವನ್ನು ನಾನು ಮತ್ತೆಂದೂ ಕಂಡಿಲ್ಲ.

ಆ ತಿಂಗಳು ತೀರ್ಥಹಳ್ಳಿಗೆ ಹೋದಾಗ ಡಾಕ್ಟರ ಮುಂದೆ ಪಾಷಾಣದ ದೂರು ಹೇಳಿಕೊಂಡೆ. ಮಾತಿನ ಮಧ್ಯೆ ಸ್ನಾನದ ವಿಷಯ ಬಂದದ್ದೇ ತಡ, ಅವರು ತಡೆದರು. ದನದ ಪಿತ್ತಜನಕಾಂಗ ಫಿನಾಯಿಲಿನ ವಿಷಕ್ಕೆ ಸಕ್ಕರೆಯಿಂದಾದ ಒಂದು ಪದಾರ್ಥ ಅಂಟಿಸಿ, ನೀರಲ್ಲಿ ಕರಗುವಂತೆ ಮಾಡಿ, ಮೂತ್ರದಲ್ಲಿ ಸಾಗಹಾಕುತ್ತದಂತೆ. ಬೆಕ್ಕಿಗೆ ಆ ಕೆಲಸ ಸರಿಯಾಗಿ ಬರುವುದಿಲ್ಲ. ವಿಷ ಮೈಯಲ್ಲೇ ಉಳಿದುಬಿಡುತ್ತದೆ.

"ಬೆಕ್ಕು ಅಂದ್ರೆ ಸಣ್ಣ ದನ ಅಲ್ಲ ಕಣ್ರೀ" ಎಂದರು.

ಬಸ್ಸಿಳಿದವನೇ ನೇರ ಪಕ್ಕದ ಮನೆಗೆ ಹೋಗಿ, ಕೊಂದದ್ದು ನಾನೇ ಎಂದೆ. ಆಕೆ ಅಕ್ಕಿ ಆರಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ನೀವು ಅದ್ನ ತೊಳೆಯೋದು, ಅದು ಮೈ ನೆಕ್ಕೋದು ಎಲ್ಲಾ ನಾ ನೋಡಿದ್ದೆ. ಅಷ್ಟು ಅಳ್ತಿದ್ರಿ, ನಿಮ್ಮಿಂದ್ಲೇ ಹೋಯ್ತು ಅಂತ ಹೆಂಗೆ ಹೇಳೋದು?"